ಕಲ್ಲಿನ ಹೆಣ್ಣಿನ ಮಡಿಲಕ್ಕಿ

ಹಿರೀಸಾವೆ ದಾಟಿದ ಮೇಲೆ ಹೆಂಡತಿ ಇಂಪನಾ ಮಾತು ನಿಲ್ಲಿಸಿದ್ದನ್ನು ರಂಗನಾಥ ಗಮನಿಸಿದ್ದ. ಗಮನಿಸಿಯೂ ಗಮನಿಸದವನ ಹಾಗೆ ಮೈಕು ಹಿಡಿದು ಮಾತಾಡುತ್ತಲೇ ಇದ್ದ. ಡ್ರೈವರ್ ಕದರಯ್ಯನ ಸೀಟಿಗೆ ಬೆನ್ನು ಕೊಟ್ಟು ನಿಂತು, ಹಳೇಬೀಡು ಅಂದರೆ ಬರೀ ಒಂದು ದೇವಸ್ಥಾನವಲ್ಲ, ಅದೊಂದು ರಾಜಧಾನಿ, ಕೆರೆ, ಕೋಟೆ, ಬಸದಿ, ಅಂಗಡಿ ಬೀದಿ ಎಲ್ಲ ಇದ್ದ ಊರು, ನಾವು ಇವತ್ತು ನೋಡಿದ್ದು ಅದರ ಒಂದು ಮೂಲೆ ಮಾತ್ರ ಎಂದು ತುಮಕೂರಿನ ಕಾಲೇಜಿನಲ್ಲಿ ಪಾಠ ಹೇಳುವ ಧಾಟಿಯಲ್ಲೇ ಹೇಳುತ್ತಿದ್ದ. ಟೆಂಪೋ ಟ್ರಾವೆಲರಿನಲ್ಲಿ ಅರ್ಧ ಜನ ನಿದ್ದೆ ಹೋಗಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮಹಾಲಿಂಗಯ್ಯನವರೊಬ್ಬರು ಮಾತ್ರ ಪ್ರತಿ ವಾಕ್ಯಕ್ಕೂ ತಲೆದೂಗುತ್ತಿದ್ದರು. ಹಿಂದಿನ ಸೀಟಿನ ಕಿಟಕಿ ಪಕ್ಕ ಅವನ ತಾಯಿ ದೊಡ್ಡಗಂಗಮ್ಮ ಖಾಲಿ ಬಟ್ಟೆಚೀಲವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಆ ಚೀಲದ ಕಡೆ ಕಣ್ಣು ಹೋಗದ ಹಾಗೆ ನಿಲ್ಲಲು ರಂಗನಾಥ ಹೊರಟಾಗಿನಿಂದ ಹೆಣಗುತ್ತಿದ್ದ. ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಯಾರೋ ಅಂಗಿಯ ತುದಿ ಎಳೆದಂತಾಯಿತು. ಇಂಪನಾ. "ರೀ, ಮೈಕ್ ಕೊಟ್ಬಿಟ್ಟು ಇಲ್ಲಿ ಕೂತ್ಕೊಳ್ಳಿ ಸ್ವಲ್ಪ."

"ಯಾಕೆ, ಸುಸ್ತಾಯ್ತಾ?"

ಅವಳು ತಲೆಯಲ್ಲಾಡಿಸಿದಳು. ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲೆ ಹರಡಿಕೊಂಡು, ಗೋಡೆಗೆ ಕಿವಿಯಿಟ್ಟು ಪಕ್ಕದ ಮನೆಯ ಸದ್ದು ಕೇಳುವವಳ ಮುಖ ಮಾಡಿಕೊಂಡಿದ್ದಳು. "ಮಗು ಒದೀತಿಲ್ಲ ರೀ."

"ಯಾವಾಗಿಂದ?"

"ಅಲ್ಲಿಂದ ಹೊರಟಾಗಿಂದ. ಊಟ ಆದ್ಮೇಲೆ ಒದ್ದೇ ಒದಿಯುತ್ತೆ ಯಾವಾಗ್ಲೂ. ಇವತ್ತು ಇಲ್ಲ."

ಮಲಗಿರುತ್ತೆ ಬಿಡು, ಗಾಡಿಯ ತೂಗಾಟಕ್ಕೆ ನಿದ್ದೆ ಬಂದಿರುತ್ತೆ ಎಂದ. ನಕ್ಕ ಕೂಡ. ನಕ್ಕ ಮೇಲೆ ಅವಳ ಮಾತು ತಿರುಗಿ ಕಿವಿಗೆ ಬಂತು. ಅಲ್ಲಿಂದ ಅಂದಳಲ್ಲ, ಎಲ್ಲಿಂದ? ದೇವಸ್ಥಾನದ ಆವರಣದಿಂದಲೋ, ಅದರ ಮೂಲೆಯಲ್ಲಿ ಮುಚ್ಚಳವಿದ್ದ ಆ ಎರಡು ಡಬ್ಬಗಳ ಹತ್ತಿರದಿಂದಲೋ? ಛೆ, ಏನು ಯೋಚನೆ ಇದು, ನಾನು ಹಿಸ್ಟರಿ ಎಂ.ಎ. ಮಾಡಿದವನು ಎಂದುಕೊಂಡ. ಕಿಟಕಿಯಾಚೆ ತೆಂಗಿನ ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಅಂಗೈ ಬೆವೆತು ಮೈಕು ಜಾರಿತು, ಸ್ಪೀಕರು ಕಿರ್ರೆಂದಿತು, ಮಲಗಿದ್ದವರೆಲ್ಲ ಬೆಚ್ಚಿ ಎದ್ದರು.

ಬೆಳಿಗ್ಗೆ ಹೀಗಿರಲಿಲ್ಲ. ಬೆಳಿಗ್ಗೆ ಗುಬ್ಬಿಯಲ್ಲಿ ಗಾಡಿ ನಿಂತಾಗ ದೊಡ್ಡಗಂಗಮ್ಮ ಅದೇ ಚೀಲವನ್ನು ತುಂಬಿಕೊಂಡು ಬಂದು ಹತ್ತಿದ್ದಳು, ಎಲ್ಲರಿಗೂ ಕೇಳುವ ಹಾಗೆ "ಏನ್ಲಾ ರಂಗ, ಎಷ್ಟೊತ್ಲಾ ಕಾಯೋದು" ಎಂದಿದ್ದಳು. ಗಾಡಿಯಲ್ಲಿದ್ದವರಿಗೆಲ್ಲ ಅವನು ರಂಗನಾಥ್ ಸರ್. ಪರಂಪರೆ ಬಳಗ ಅಂತ ಅವನೇ ಕಟ್ಟಿದ ಗುಂಪು ಅದು. ತಿಂಗಳಿಗೊಮ್ಮೆ ಹಳೆಯ ಊರೊಂದಕ್ಕೆ ಹೋಗುವುದು, ಹಾಳುಮಾಡದೆ, ಗಲಾಟೆ ಮಾಡದೆ, ತಿಳಿದುಕೊಂಡು ನೋಡಿ ಬರುವುದು. ತಾಯಿಯನ್ನು ಕರೆತರುವ ಮನಸ್ಸು ಅವನಿಗಿರಲಿಲ್ಲ. ಹಿಂದಿನ ದಿನ ಫೋನಿನಲ್ಲಿ ಅವಳು, "ಮುಕ್ಕಾದ ದೇವ್ರು ಇರೋ ಕಡೀಕೆ ಬಸ್ರಿ ಹೆಂಗ್ಸನ್ನ ಕರ್ಕೊಂಡೋಯ್ತಾರೇನ್ಲಾ? ಏಳು ತುಂಬೈತೆ ಅವ್ಳಿಗೆ" ಎಂದಿದ್ದಳು. ಅದು ದೇವರಲ್ಲಮ್ಮ, ಕಲೆ ಎಂದು ಅವನು ನಕ್ಕಿದ್ದ. ಅವಳು, "ಆಯ್ತು ಬುಡು, ಹಂಗಾದ್ರೆ ನಾನೂ ಬತ್ತೀನಿ" ಎಂದಳು. ಇಂಪನಾಗೆ ಖುಷಿಯೋ ಖುಷಿ, ಅತ್ತೆ ಒಂದ್ಸಲನಾದ್ರೂ ನೋಡ್ಲಿ ರೀ ಅಂತ. ಅವಳು ನೋಡುವುದಕ್ಕೆ ಬರುತ್ತಿಲ್ಲ, ಸೊಸೆಯ ಹೊಟ್ಟೆಗೆ ಕಾವಲು ಬರುತ್ತಿದ್ದಾಳೆ ಎಂದು ರಂಗನಾಥನಿಗೆ ಗೊತ್ತಿತ್ತು. ಗುಬ್ಬಿ ಬಿಡುತ್ತಿದ್ದ ಹಾಗೆ ಮೈಕು ಹಿಡಿದು ನಿಯಮ ಹೇಳಿದ. ಮುಟ್ಟಬಾರದು, ಒರಗಬಾರದು, ಅರಿಶಿನ ಕುಂಕುಮ ಹಚ್ಚಬಾರದು, ಕಾಯಿ ಒಡೆಯಬಾರದು, ಕಸವನ್ನು ಎಲ್ಲೆಂದರಲ್ಲಿ ಬಿಸಾಡಬಾರದು, ಗೈಡುಗಳ ಹತ್ತಿರ ಚೌಕಾಸಿ ಮಾಡಬಾರದು. ಹಿಂದಿನಿಂದ ಅವಳ ದನಿ ಬಂತು: "ಕೈ ಮುಗೀಬೋದೇನ್ಲಾ?" ಗಾಡಿಯೆಲ್ಲ ಗೊಳ್ಳೆಂದಿತು. ಅವನೂ ನಕ್ಕ. ಆದರೆ ಆ ನಗು ತಿಪಟೂರು ದಾಟಿದರೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡೇ ಇತ್ತು.

"ಸಿಹಿ ಏನಾದ್ರೂ ಕೊಡಿ ಸಾರ್, ಸಿಹಿ ಹೋದ್ರೆ ಮಗು ಎದ್ಕೊಳ್ಳತ್ತೆ" ಎಂದಳು ತ್ರಿವೇಣಿ. ಇಂಪನಾಳ ಗೆಳತಿ, ಎರಡು ಹೆತ್ತವಳು. ಅಷ್ಟರಲ್ಲಿ ವಿಷಯ ಗಾಡಿಗೆಲ್ಲ ಗೊತ್ತಾಗಿತ್ತು. ಯಡಿಯೂರಿನಲ್ಲಿ ಕದರಯ್ಯ ಗಾಡಿ ನಿಲ್ಲಿಸಿದ. ರಂಗನಾಥ ಓಡಿಹೋಗಿ ಮಾವಿನ ಹಣ್ಣಿನ ಜ್ಯೂಸು ತಂದ. ಇಂಪನಾ ಎಡಮಗ್ಗುಲಾಗಿ ತ್ರಿವೇಣಿಯ ತೊಡೆಯ ಮೇಲೆ ತಲೆಯಿಟ್ಟು ಕುಡಿದಳು. ಎಲ್ಲರೂ ಅವಳ ಹೊಟ್ಟೆಯನ್ನೇ ನೋಡುತ್ತ ಕೂತರು. ಮಧ್ಯಾಹ್ನ ಗೈಡು ಒಂದು ಕಂಬ ತೋರಿಸಿ ಇದನ್ನ ತಿರುಗಿಸಿ ಕಡೆದಿದ್ದಾರೆ ಎಂದಾಗಲೂ ಹೀಗೇ ನೋಡಿದ್ದರು. ಅವಳು ಕಣ್ಣು ಮುಚ್ಚಿ ಕಾದಳು. ಆಮೇಲೆ ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿಯಿತು. "ಇಲ್ಲ ರೀ" ಎಂದಳು. ದೊಡ್ಡಗಂಗಮ್ಮ ಎದ್ದು ಬಂದು ಸೊಸೆಯ ಪಾದ ಹಿಡಿದು ಉಜ್ಜತೊಡಗಿದಳು. ಏನೂ ಅನ್ನಲಿಲ್ಲ. ಏನಾದರೂ ಅನ್ನಲಿ, ನಿನ್ನಿಂದಲೇ ಆಯ್ತು ಅನ್ನಲಿ, ಬೇಡ ಅಂದ್ರೂ ಕರ್ಕೊಂಡೋದೆ ಅನ್ನಲಿ ಎಂದು ರಂಗನಾಥ ಒಳಗೊಳಗೇ ಬೇಡಿಕೊಂಡ. ಅವಳು ಪಾದ ಉಜ್ಜುತ್ತಲೇ ಇದ್ದಳು.

"ಕುಣಿಗಲ್ಲಿಗೆ ಹೊಡಿ ಕದರಯ್ಯ, ಅಲ್ಲಿ ನರ್ಸಿಂಗ್ ಹೋಮ್ ಇದೆ" ಎಂದರು ಮಹಾಲಿಂಗಯ್ಯ. ಹೋಗುವಾಗ ಗುಬ್ಬಿ ಮೇಲೆ ಹೋಗಿ, ಬರುವಾಗ ಹಾಸನದ ಹೈವೇ ಹಿಡಿದು ಕುಣಿಗಲ್ ಮೇಲೆ ಬರೋಣ, ಇಂಪನಾಗೆ ಕುಲುಕಾಟ ಇರಲ್ಲ ಎಂದು ಏರ್ಪಾಡು ಮಾಡಿದ್ದವರೂ ಅವರೇ. ಎಲ್ಲರೂ ಎಷ್ಟು ಜೋಪಾನ ಮಾಡಿದ್ದರು! ಜೋಪಾನ ಮಾಡದವನು ತಾನೊಬ್ಬನೇ.

ನಡೆದದ್ದಾದರೂ ಏನು? ಗೋಡೆಯ ಉದ್ದಕ್ಕೂ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರ ಸಾಲು ತೋರಿಸುತ್ತ ಗೈಡಿನ ಜೊತೆಗೆ ತಾನೂ ಒಂದೊಂದು ಮಾತು ಸೇರಿಸುತ್ತ ಒಂದು ಸುತ್ತು ಬಂದಿದ್ದ. ತಿರುಗಿ ನೋಡಿದರೆ ತಾಯಿ ಇಲ್ಲ. ಆವರಣದ ಆಚೆ ಹುಲ್ಲಿನ ಮೇಲೆ, ಎಲ್ಲಿಂದಲೋ ತಂದು ನಿಲ್ಲಿಸಿದ್ದ ಬಿಡಿ ವಿಗ್ರಹಗಳ ನಡುವೆ ಅವಳ ಕೆಂಪು ಸೀರೆ ಕಂಡಿತು. ಒಂದು ಹೆಣ್ಣಿನ ವಿಗ್ರಹ. ಎರಡು ಕೈಯೂ ಮುರಿದಿತ್ತು, ಮೂಗಿನ ತುದಿ ಇರಲಿಲ್ಲ, ಹೊಟ್ಟೆಯ ಕೆಳಗೆ ದೊಡ್ಡ ಚಕ್ಕೆಯೊಂದು ಎದ್ದುಹೋಗಿತ್ತು. ದೊಡ್ಡಗಂಗಮ್ಮ ಅದರ ಸೊಂಟಕ್ಕೆ ಹಸಿರು ರವಿಕೆ ಕಣ ಸುತ್ತಿ ಮಡಿಲು ಮಾಡಿ, ಅದರೊಳಗೆ ಅಕ್ಕಿ, ಬೆಲ್ಲದಚ್ಚು, ತಮ್ಮ ತೋಟದ ಕೊಬ್ಬರಿ ಗಿಟುಕು, ಎಲೆ ಅಡಿಕೆ, ಅರಿಶಿನದ ಕೊಂಬು, ಗಾಜಿನ ಬಳೆ ಎಲ್ಲ ತುಂಬಿದ್ದಳು. ಹಣೆಗೆ ಕುಂಕುಮ, ಎರಡು ಕೆನ್ನೆಗೂ ಅರಿಶಿನ. ಮನೆಯಿಂದ ಹೊರಡುವ ಹೆಣ್ಣುಮಗಳಿಗೆ ಮಡಿಲು ತುಂಬುವುದು ಹೇಗೋ ಹಾಗೇ, ಸ್ವಲ್ಪವೂ ಆತುರವಿಲ್ಲದೆ. ತುಂಬಿ ಮುಗಿಸಿ ಕೈಮುಗಿದು ನಿಂತಿದ್ದಳು. ಕಾವಲಿನವನು ಸೀಟಿ ಊದಿಕೊಂಡು ಓಡಿಬಂದ. ಬಳಗವೆಲ್ಲ ಹಿಂದೆಯೇ ಬಂತು. "ಯಾರ್ ಸಾರ್ ಈಯಮ್ಮ? ನಿಮ್ ಕಡೆಯೋರಾ?" ರಂಗನಾಥನ ಕಿವಿ ಸುಟ್ಟಿತು. "ನಮ್ಮ ಗ್ರೂಪಿನವರು" ಎಂದ. ಅಮ್ಮ ಅನ್ನಲಿಲ್ಲ. ಆ ಮಾತು ಬಾಯಿಗೆ ಬರಲೇ ಇಲ್ಲ. ದೊಡ್ಡಗಂಗಮ್ಮ ಅವನ ಮುಖವನ್ನು ಒಂದು ಸಲ ನೋಡಿದಳು, ಅಷ್ಟೆ.

ಆಮೇಲೆ ಅವನು ಮಾಡಿದ್ದನ್ನೆಲ್ಲ ಮಾದರಿ ಪ್ರವಾಸಿಯ ಹಾಗೇ ಮಾಡಿದ. ಬಾಟಲಿಯ ನೀರಿನಲ್ಲಿ ಕರ್ಚೀಫು ಅದ್ದಿ ಕಲ್ಲಿನ ಕೆನ್ನೆಯನ್ನು ಮೆಲ್ಲಗೆ, ಉಜ್ಜದೆ, ಒತ್ತಿ ಒತ್ತಿ ಒರೆಸಿದ. ಉಜ್ಜಿದರೆ ಕಲ್ಲು ಸವೆಯುತ್ತೆ ನೋಡಿ ಎಂದು ಬಳಗಕ್ಕೆ ವಿವರಿಸಿದ ಬೇರೆ. ಕಣವನ್ನು ಗಂಟಿನ ಸಮೇತ ಬಿಚ್ಚಿಕೊಂಡ. ಮೂಲೆಯಲ್ಲಿ ಹಸಿರು ಡಬ್ಬ ಒಂದು, ನೀಲಿ ಡಬ್ಬ ಒಂದು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಅರಿಶಿನ ಹಸಿ ಕಸಕ್ಕೆ ಸುರಿದ. ಕಣ, ಬಳೆ ಒಣ ಕಸಕ್ಕೆ. ಹಸಿ ಕಸ ಬೇರೆ, ಒಣ ಕಸ ಬೇರೆ! ಮಹಾಲಿಂಗಯ್ಯ ಭೇಷ್ ಮೇಷ್ಟ್ರೇ ಎಂದರು, ಇಬ್ಬರು ಮೂವರು ಚಪ್ಪಾಳೆ ತಟ್ಟಿದರು. ಅಕ್ಕಿ ಡಬ್ಬಕ್ಕೆ ಬಿದ್ದಾಗ ಸರ್ರೆಂದು ಸದ್ದಾಯಿತು. ಆ ಸದ್ದಿಗೆ ಬೆನ್ನ ಮೇಲೆ ಏನೋ ಹರಿದಂತಾದದ್ದು ನಿಜ. ಅಜ್ಜಿಯ ಮನೆಯ ಪಡಸಾಲೆ. ಚಿಕ್ಕಮ್ಮ ಗಂಡನ ಮನೆಗೆ ಹೊರಟಾಗ ಹೊಸ್ತಿಲಲ್ಲಿ ಎಡವಿ ಸೆರಗಿನ ಮಡಿಲಕ್ಕಿ ಚೆಲ್ಲಿತ್ತು. ಅಜ್ಜಿ, ಅಮ್ಮ, ನೆರೆಮನೆಯವರು ಎಲ್ಲ ಮಂಡಿಯೂರಿ ಬಾಗಿಲ ಸಂದಿಯಿಂದ, ಒರಳುಕಲ್ಲಿನ ಅಡಿಯಿಂದ ಒಂದೊಂದೇ ಕಾಳು ಹೆಕ್ಕಿದ್ದರು. ಯಾಕವ್ವಾ ಎಂದು ಕೇಳಿದ್ದಕ್ಕೆ ಅಜ್ಜಿ, ಮಡ್ಲಕ್ಕಿ ಚೆಲ್ಲುದ್ರೆ ಹೊಟ್ಟೆ ನಿಲ್ಲಲ್ಲ ಕಣ್ ಮಗಾ ಎಂದಿದ್ದಳು. ಇದು ನೆನಪಾದದ್ದು ಡಬ್ಬದ ಮುಂದೆ ನಿಂತಾಗಲೋ, ಈಗ ಈ ಗಾಡಿಯಲ್ಲಿ ಕೂತ ಮೇಲೋ? ಈಗ. ಈಗಲೇ ನೆನಪಾದದ್ದು ಎಂದು ಅವನು ತನಗೇ ಗಟ್ಟಿಮಾಡಿ ಹೇಳಿಕೊಂಡ.

ಕುಣಿಗಲ್ಲಿನ ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಯಾವುದೋ ಹೆರಿಗೆಯಲ್ಲಿದ್ದರು. ನರ್ಸೊಬ್ಬಳು ಇಂಪನಾಳನ್ನು ಮಂಚದ ಮೇಲೆ ಮಲಗಿಸಿ, ಹೊಟ್ಟೆಗೆ ತಣ್ಣಗಿನ ಜೆಲ್ ಸವರಿ, ಮೊಬೈಲಿನಷ್ಟು ದೊಡ್ಡ ಯಂತ್ರವೊಂದನ್ನು ಅಲ್ಲಿ ಇಲ್ಲಿ ಒತ್ತಿದಳು. ಯಂತ್ರ ಬುಸ್ ಎಂದಿತು. ಬರೀ ಬುಸ್. ಇನ್ನೊಂದು ಕಡೆ ಒತ್ತಿದಳು. ಮತ್ತೆ ಬುಸ್. "ಇದ್ರಲ್ಲಿ ಸೆಲ್ ವೀಕ್ ಆಗಿದೆ ಅನ್ಸತ್ತೆ, ತಡೀರಿ, ಮೇಡಂ ಬರ್ಲಿ" ಎಂದಳು. ಹಾಗೆ ಹೇಳುವಾಗ ಅವಳು ಇಂಪನಾಳ ಮುಖ ನೋಡದೆ ಗೋಡೆಯ ಕ್ಯಾಲೆಂಡರು ನೋಡಿದ್ದನ್ನು ರಂಗನಾಥ ಕಂಡ. ಇಂಪನಾ ಅವನ ಕಿರುಬೆರಳು ಹಿಡಿದಳು. ಆ ಕೈ ಕಲ್ಲಿನಷ್ಟು ತಣ್ಣಗಿತ್ತು. ಮಧ್ಯಾಹ್ನ ಕರ್ಚೀಫು ಒತ್ತಿದ ಕೆನ್ನೆಯೂ ಹೀಗೇ ತಣ್ಣಗಿತ್ತು. ಅವಳು "ರೀ, ಏನಾದ್ರೂ ಮಾತಾಡಿ" ಎಂದಳು. ದಿನವಿಡೀ ಮೈಕಿನಲ್ಲಿ ಮಾತಾಡಿದ ಬಾಯಿಗೆ ಒಂದು ಮಾತೂ ಸಿಗಲಿಲ್ಲ. "ಗಂಡಸರು ಆಚೆ ಇರಿ" ಎಂದಳು ನರ್ಸು. ಅವನು ಬಿಡುಗಡೆ ಸಿಕ್ಕವನ ಹಾಗೆ ಆಚೆ ಬಂದ. ಅದಕ್ಕೂ ನಾಚಿಕೆಯಾಯಿತು.

ಬೆಂಚಿನ ಮೇಲೆ ಕೂರಲಾಗಲಿಲ್ಲ. ಮಹಾಲಿಂಗಯ್ಯ ಧೈರ್ಯ ಹೇಳುವುದಕ್ಕೆ ಬರುತ್ತಿರುವುದು ಕಂಡು ಮೆಟ್ಟಿಲಿಳಿದು ಬೀದಿಗೆ ಬಂದ. ಜೇಬಿಗೆ ಕೈ ಹಾಕಿದರೆ ಒದ್ದೆ ಕರ್ಚೀಫು. ತೆಗೆದು ನೋಡಿದ, ಅರಿಶಿನ ಕುಂಕುಮ ಕಲೆಸಿ ರಕ್ತದ ಬಣ್ಣವಾಗಿತ್ತು. ಥಟ್ಟನೆ ಒಳಗೆ ತುರುಕಿದ. ಪ್ಯಾಂಟಿನ ಜೇಬಿನ ಮೇಲೂ ಕಲೆ ಹರಡಿತ್ತು. ಜನ ನೋಡುತ್ತಿದ್ದಾರೆ ಅನ್ನಿಸಿತು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು, ಹೂವಿನವಳು ಮೊಳ ಹಾಕುತ್ತ ಯಾರನ್ನೋ ಬೈಯುತ್ತಿದ್ದಳು, ಎಲ್ಲ ದಿನದಂತೆಯೇ ಇತ್ತು. ಕಾಲುಗಳು ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯೊಂದರ ಮುಂದೆ ನಿಂತವು. "ಅಕ್ಕಿ" ಎಂದ. ಎಷ್ಟು ಎಂದು ಅಂಗಡಿಯವನು ಕೇಳಿದ. ಗೊತ್ತಾಗಲಿಲ್ಲ. ಬೊಗಸೆ ಮಾಡಿ ತೋರಿಸಿದ. ಅಂಗಡಿಯವನು ನಕ್ಕ. "ಮಡ್ಲಕ್ಕಿಗಾ ಸಾರ್? ಹಂಗ್ ಹೇಳಿ ಮತ್ತೆ. ಬೆಲ್ಲ, ಕೊಬ್ರಿ, ಕಣ, ಬಳೆ ಎಲ್ಲಾ ಸೇರ್ಸಿ ಕೊಟ್ಬುಡ್ತೀನಿ. ಯಾರ್ಗೆ ಸಾರ್, ತಂಗಿಗಾ?"

ಯಾರಿಗೆ? ಆ ಕಲ್ಲಿನ ಹೆಣ್ಣು ಅಷ್ಟು ದೂರ ಹಳೇಬೀಡಿನ ಹುಲ್ಲಿನ ಮೇಲೆ ಬರೀ ಮಡಿಲಲ್ಲಿ ನಿಂತಿದೆ. ಈಗ ಗಾಡಿ ತಿರುಗಿಸು ಎಂದು ಕದರಯ್ಯನಿಗೆ ಹೇಳಿದರೆ? ಗೇಟು ಮುಚ್ಚಿರುತ್ತಾರೆ. ಕಾವಲಿನವನ ಕಾಲು ಹಿಡಿದರೆ? ನಾನೇ, ಬೆಳಿಗ್ಗೆ ಮೈಕಿನಲ್ಲಿ ನಿಯಮ ಓದಿದ ನಾನೇ, ಬೇಲಿ ಹಾರಿ ಒಳಗೆ ಹೋಗಿ, ಕೈಯಿಲ್ಲದ ಆ ಹೆಣ್ಣಿನ ಮುಂದೆ ಮಂಡಿಯೂರಿ, ತಗೋ ತಾಯಿ, ತಪ್ಪಾಯ್ತು, ವಾಪಸ್ ಕೊಡು ಎಂದು... ಏನನ್ನು ವಾಪಸ್ ಕೊಡು? ಅವನು ಅಲ್ಲಿಗೇ ಯೋಚನೆ ನಿಲ್ಲಿಸಿದ. "ಹೂಂ" ಎಂದ ಅಂಗಡಿಯವನಿಗೆ. ಅವನು ಚೀಲಕ್ಕೆ ಅಕ್ಕಿ ಸುರಿದಾಗ ಅದೇ ಸರ್ರೆಂಬ ಸದ್ದು ಬಂತು. ರಂಗನಾಥ ಕಣ್ಣು ಮುಚ್ಚಿಕೊಂಡ.

ಮೆಟ್ಟಿಲನ್ನು ಒಂದೊಂದಾಗಿ, ತಡೆತಡೆದು ಹತ್ತಿದ. ಮೇಲೆ ಹೋದರೆ ಗೊತ್ತಾಗಿಬಿಡುತ್ತದೆ. ಗೊತ್ತಾಗದೆ ಇರುವಷ್ಟು ಹೊತ್ತು ಮಗು ಇದೆ, ಇದ್ದೇ ಇದೆ. ಯಾರಾದರೂ ಅತ್ತರೆ ಇಲ್ಲಿಗೇ ಕೇಳಿಸುತ್ತದೆ ಎಂದು ಮೆಟ್ಟಿಲ ತಿರುವಿನಲ್ಲಿ ನಿಂತು ಕಿವಿಗೊಟ್ಟ. ಅಳು ಕೇಳಲಿಲ್ಲ. ಬೇರೆಯೇ ಒಂದು ಸದ್ದು ಕೇಳಿಸಿತು, ಟಕ ಟಕ ಟಕ ಟಕ ಅಂತ. ಎಲ್ಲೋ ದೂರದಲ್ಲಿ ಶುರುವಾಗಿ ಹತ್ತಿರ ಹತ್ತಿರ ಬರುತ್ತಿರುವಂತೆ, ಗಟ್ಟಿ ನೆಲದ ಮೇಲೆ ಗೊರಸು ಬಿದ್ದಂತೆ. ಬಾಗಿಲ ಸಂದಿಯಿಂದ ನರ್ಸಿನ ದನಿ: "ಸೆಲ್ ಬದಲಾಯಿಸ್ದೆ, ಈಗ ಕೇಳಿಸ್ತಾ? ನಮ್ಮೂರ್ ಸ್ಟಡ್ ಫಾರಂ ಕುದುರೆ ಓಡ್ದಂಗೆ ಓಡ್ತಾ ಐತೆ ನೋಡಿ. ಸುಮ್ನೆ ಹೆದ್ರಿಸ್ಬಿಟ್ನಲ್ಲ ನಿಮ್ ಮಗ!" ಗಂಡೋ ಹೆಣ್ಣೋ ಯಾರಿಗೆ ಗೊತ್ತು, ಮಾತಿಗೆ ಹೇಳಿದಳು. ಡಾಕ್ಟರಮ್ಮ ಏನೋ ಹೇಳಿದರು, ನೀರು ಕಡಿಮೆ ಕುಡಿದಿದ್ದೀರಿ, ಬಿಸಿಲಲ್ಲಿ ಸುತ್ತಿದ್ದೀರಿ, ಸ್ವಲ್ಪ ಹೊತ್ತು ಮಲಗಿ ಹೋಗಿ ಅಂತ. ಇಂಪನಾ ಅಳುತ್ತ ನಗುತ್ತಿದ್ದಳು. ರಂಗನಾಥ ಗೋಡೆ ಹಿಡಿದುಕೊಂಡ. ಇದೆ. ಇದೆ. ಅಯ್ಯೋ ದೇವರೇ, ಇದೆ.

ಬೆಂಚಿನ ಮೇಲೆ ದೊಡ್ಡಗಂಗಮ್ಮ ಒಬ್ಬಳೇ ಕೂತಿದ್ದಳು. ಬಳಗದವರೆಲ್ಲ ಕಾಫಿ ಕುಡಿಯುವುದಕ್ಕೆ ಕೆಳಗೆ ಹೋಗಿದ್ದರು. ಅವನು ಪಕ್ಕದಲ್ಲಿ ಕುಸಿದ. ಅವಳು ಅವನ ತಲೆ ಸವರಿ, "ಏನಾಗಕಿಲ್ಲ ಅಂತ ನಂಗೊತ್ತಿತ್ತು ಕಣ್ಲಾ. ನೀನೂ ಹೊಟ್ಟೇಲಿದ್ದಾಗ ಒಂದಿನೆಲ್ಲಾ ಹಿಂಗೇ ಆಟ ಆಡ್ಸಿದ್ದೆ" ಎಂದಳು. ಆಮೇಲೆ ಚೀಲ ನೋಡಿದಳು. ತನ್ನ ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದಳು. ಅಕ್ಕಿ, ಬೆಲ್ಲ, ಕೊಬ್ಬರಿ, ಹಸಿರು ಬಳೆ.

"ಏನ್ಲಾ ಇದು? ಯಾರ್ಗೆ?"

ಅವನಿಗೆ ತಡೆಯಲಾಗಲಿಲ್ಲ. "ತಪ್ಪಾಯ್ತಮ್ಮ. ಮಗೂಗೆ ಅಂತ ನೀನು ತುಂಬಿದ್ದನ್ನ ನಾನು ಕಸದ ಡಬ್ಬಕ್ಕೆ ಹಾಕ್ಬಿಟ್ಟೆ. ಅದಕ್ಕೇ ಹಿಂಗಾಯ್ತು ಅಂತ..."

ದೊಡ್ಡಗಂಗಮ್ಮ ಅರ್ಥವಾಗದವಳ ಹಾಗೆ ನೋಡಿದಳು. "ಯಾವ್ ಮಗೀಗೆ?"

"ನಮ್ಮ ಮಗೂಗೆ. ಇಂಪನಾ ಮಗೂಗೆ. ಮುಕ್ಕಾದ ವಿಗ್ರಹ ನೋಡಿದ್ರೆ ದೋಷ ಅಂತ ಹೆದರ್ಕೊಂಡಿದ್ದೆಯಲ್ಲ, ಅದಕ್ಕೆ ಶಾಂತಿ ಅಂತ..."

"ಅಯ್ಯೋ, ಅದ್ಕಲ್ಲ ಕಣೋ." ಅವಳು ನಕ್ಕಳು. "ಹೆದ್ರುಕೊಂಡೇ ಬಂದೆ, ದಿಟ. ಅಲ್ಲಿ ನೋಡುದ್ ಮ್ಯಾಲೆ ಹೆದ್ರಿಕೆ ಎಲ್ಲಿ ಹೋಯ್ತೋ. ಎಷ್ಟ್ ಚೆಂದಾಗಿ ಮಾಡವ್ರೆ, ಜಡೆ ಕೂದ್ಲು ಸೈತ ಎಣಿಸ್ಬೋದು! ದೊಡ್ ದೇವಸ್ಥಾನ ಅಂದ್ಯಲ್ಲ, ಅಮ್ಮನೋರು ಇರ್ತಾಳೆ, ಬರಿಗೈಲಿ ಹೋಗದ್ಯಾಕೆ ಅಂತ ಮಡ್ಲಕ್ಕಿ ಕಟ್ಕೊಂಡ್ ಬಂದಿದ್ದೆ. ಇವ್ಳು ನೋಡುದ್ರೆ ಹುಲ್ಲಲ್ಲಿ ಒಂಟಿಯಾಗಿ ನಿಂತವ್ಳೆ. ಯಾವೋಳು ಮಡ್ಲು ತುಂಬಿದ್ಲೋ ಇವ್ಳಿಗೆ, ಎಷ್ಟ್ ಕಾಲ ಆಯ್ತೋ ಅನ್ನಿಸ್ತು. ತುಂಬ್ದೆ. ನೀನು ತೆಗ್ದೆ. ನಿಮ್ ರೂಲ್ಸು, ತೆಗೀಬೇಕಿತ್ತು, ತೆಗ್ದೆ. ನಂಗೇನ್ ಬೇಜಾರಿಲ್ಲ ಬುಡು. ಅಮ್ಮ ಅನ್ನಲಿಲ್ವಲ್ಲ, ಅದ್ಕೆ ಒಸಿ ನೋವಾಯ್ತು."

ರಂಗನಾಥನ ಎದೆಯ ಮೇಲಿನ ಭಾರ ಇಳಿಯಿತು. ಅಷ್ಟೇನಾ! ಮಗುವಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನಗು ಬಂತು, ಅಳು ಬಂತು, ಅಮ್ಮನ ಕೈ ಹಿಡಿದುಕೊಂಡ. ಆದರೆ ದೊಡ್ಡಗಂಗಮ್ಮನ ನಗು ನಿಂತಿತ್ತು. ಅವಳು ಏನನ್ನೋ ಲೆಕ್ಕ ಹಾಕುವವಳ ಹಾಗೆ ಎದುರಿನ ಗೋಡೆ ನೋಡುತ್ತಿದ್ದಳು. ಮೆಲ್ಲಗೆ ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ರಂಗ."

"ಏನಮ್ಮ."

"ಹಂಗಾದ್ರೆ, ಅದು ನಿನ್ ಮಗೀಗೇ ಅಂತ ಅಂದ್ಕೊಂಡೇ ಕಸಕ್ ಸುರಿದ್ಯೇನ್ಲಾ?"

ಅವನು ಬಾಯಿ ತೆರೆದ. ಈಗ ನೆನಪಾದದ್ದು, ಗಾಡಿಯಲ್ಲಿ ಕೂತ ಮೇಲೆ ನೆನಪಾದದ್ದು ಎಂದು ಹೇಳಬೇಕು. ನಾಲಿಗೆಯ ಮೇಲೆ ಮಾತು ಸಿದ್ಧವಾಗಿತ್ತು. ಆದರೆ ಹಸಿರು ಡಬ್ಬದ ಮುಚ್ಚಳ ಎತ್ತಿ ನಿಂತ ಗಳಿಗೆ ಕಣ್ಣೆದುರು ಬಂತು. ಬಳಗವೆಲ್ಲ ನೋಡುತ್ತಿತ್ತು, ಕಣದ ಗಂಟು ಕೈಯಲ್ಲಿ ಬೆಚ್ಚಗಿತ್ತು, ಅಜ್ಜಿಯ ಪಡಸಾಲೆ, ಮಂಡಿಯೂರಿದ ಹೆಂಗಸರು, ಆ ಮಾತು, ಎಲ್ಲ ಆಗಲೇ ಬಂದಿತ್ತು. ಬಂದಿದ್ದರೂ ಗಂಟು ಬಿಚ್ಚಿದ್ದ.

ದೊಡ್ಡಗಂಗಮ್ಮ ಉತ್ತರಕ್ಕೆ ಕಾದಳು. ಆಮೇಲೆ ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ಇಬ್ಬರ ನಡುವೆ ಇಟ್ಟು, ಬೆಂಚಿನ ಮೇಲೆ ಸ್ವಲ್ಪ ಆಚೆ ಸರಿದು ಕೂತಳು. ಅವಳು ಅವನನ್ನು ನೋಡಿದಳು. ಮುಕ್ಕಾದ ಕಲ್ಲುಗಳ ನಡುವೆ ದಿನವಿಡೀ ಓಡಾಡಿದರೂ ಆ ಕಣ್ಣಲ್ಲಿ ಬಾರದ ಹೆದರಿಕೆ ಈಗ ಬಂದಿತ್ತು.

ಒಳಗಿನಿಂದ ಇಂಪನಾ ಕೂಗಿದಳು. "ರೀ, ಎಲ್ಲಿದೀರಾ? ಬನ್ನಿ, ಕೇಳಿಸ್ಕೊಳ್ಳಿ ಬನ್ನಿ."

ಕುದುರೆ ಓಡುತ್ತಲೇ ಇತ್ತು. ರಂಗನಾಥ ಏಳಲು ನೋಡಿದ, ಏಳಲಾಗದೆ ಅಲ್ಲೇ ಕೂತ.